ಇನ್ನು 21 ಭಾಗಾಕಾರ ಬಾಕಿ ಇತ್ತು

ಪ್ರಶ್ನೆ: 4,29,49,67,297 ಅವಿಭಾಜ್ಯ ಸಂಖ್ಯೆಯೇ? 500ರ ಒಳಗಿನ ಎಲ್ಲ ಅವಿಭಾಜ್ಯಗಳಿಂದಲೂ ಭಾಗಿಸಿ ನೋಡಿದೆ. ಪ್ರತಿ ಸಲವೂ ಶೇಷ ಉಳಿಯಿತು. ಇಲ್ಲಿಗೇ ನಿಲ್ಲಿಸಬಹುದಾ?

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. 500ರ ಒಳಗೆ 95 ಅವಿಭಾಜ್ಯಗಳಿವೆ. ಅಷ್ಟನ್ನೂ ನೀವು ಕೈಯಲ್ಲೇ ಮಾಡಿದ್ದೀರಿ ಎಂದು ಓದಿ ನನಗೆ ತುಂಬಾ ಖುಷಿಯಾಯಿತು. ಇನ್ನು 21 ಭಾಗಾಕಾರ ಮಾಡಿದ್ದರೆ 641ಕ್ಕೆ ಬರುತ್ತಿದ್ದಿರಿ. ಅಲ್ಲಿ ಶೇಷ ಸೊನ್ನೆ! ನಿಮ್ಮ ಪತ್ರ ಬಂದ ರಾತ್ರಿ ಪೆನ್ಸಿಲ್ ಹಿಡಿದು ನಾನೂ ಗುಣಿಸಿ ನೋಡಿದೆ: 641 × 67,00,417. ಕೊನೆಯ 7 ಸರಿಯಾಗಿ ಬಂದು ಕೂತಾಗ ಆಗುವ ಸಮಾಧಾನವೇ ಬೇರೆ.

ಈ ಸಂಖ್ಯೆಗೆ ದೊಡ್ಡ ಕಥೆ ಇದೆ. 32 ಎರಡುಗಳನ್ನು ಒಂದಕ್ಕೊಂದು ಗುಣಿಸಿ 1 ಕೂಡಿಸಿದರೆ ಬರುವುದು ಇದು. 32ರ ಬದಲು 1, 2, 4, 8, 16 ಎರಡುಗಳನ್ನು ತೆಗೆದುಕೊಂಡರೆ ಬರುವ ಇದೇ ಬಳಗದ 3, 5, 17, 257, 65,537 ಎಲ್ಲವೂ ಅವಿಭಾಜ್ಯಗಳು. ಹಾಗಾಗಿ ಮುಂದಿನವೂ ಹಾಗೇ ಇರುತ್ತವೆ ಎಂದು 1640ರಲ್ಲಿ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ 641ನ್ನು ಹಿಡಿದು ಆ ನಂಬಿಕೆಯನ್ನು ಮುರಿದರು.

ಆಯ್ಲರ್ ಸುಮ್ನೆ ಒಂದೊಂದಾಗಿ ಭಾಗಿಸುತ್ತಾ ಹೋಗಲಿಲ್ಲ. ಈ ಸಂಖ್ಯೆಯನ್ನು ಯಾವ ಅವಿಭಾಜ್ಯ ಭಾಗಿಸಿದರೂ, ಆ ಅವಿಭಾಜ್ಯವನ್ನು 64ರಿಂದ ಭಾಗಿಸಿದಾಗ ಶೇಷ 1 ಇರಲೇಬೇಕು. 641ರ ತನಕ ಅಂಥವು ಯಾವುವು? 193, 257, 449, 577, 641. ಐದೇ ಐದು! ಮೊದಲ ಮೂರು ನಿಮ್ಮ 95ರಲ್ಲೇ ಇವೆ. ಅಂದರೆ ಈ ಗುಟ್ಟು ಗೊತ್ತಿದ್ದರೆ ನಿಮಗೆ ಉಳಿದಿದ್ದದ್ದು ಎರಡೇ ಭಾಗಾಕಾರ. ಗುಟ್ಟು ಗೊತ್ತಿಲ್ಲದವರು ಇದರ ವರ್ಗಮೂಲದ ತನಕ, ಅಂದರೆ ಸುಮಾರು 65,536ರ ತನಕ ಹೋಗಲು ಸಿದ್ಧರಿರಬೇಕು. ಅಲ್ಲಿಯವರೆಗೆ 6,542 ಅವಿಭಾಜ್ಯಗಳಿವೆ.

ಪ್ರಶ್ನೆ (ಅದೇ ಪತ್ರದಿಂದ): ಭಾಗಿಸದೆಯೇ ಇದು ಅವಿಭಾಜ್ಯ ಅಲ್ಲ ಎಂದು ಹೇಳಲು ಆಗುತ್ತದೆಯೇ?

ಉತ್ತರ: ಆಗುತ್ತದೆ. ನನಗೆ ಜಾಸ್ತಿ ಇಷ್ಟವಾದ ದಾರಿಯೂ ಅದೇ. ಇದು 65,536ರ ವರ್ಗ ಮತ್ತು 1ರ ವರ್ಗ ಕೂಡಿದಾಗ ಬರುವ ಮೊತ್ತ. ಅದು ನೋಡಿದ ಕೂಡಲೇ ಗೊತ್ತಾಗುತ್ತದೆ, ಅಲ್ವಾ? ಆದರೆ 62,264 ಮತ್ತು 20,449ರ ವರ್ಗಗಳನ್ನು ಕೂಡಿಸಿ ನೋಡಿ. 3,87,68,05,696ಕ್ಕೆ 41,81,61,601 ಸೇರಿ ಮತ್ತೆ ಅದೇ ಸಂಖ್ಯೆ! ಒಂದು ಅವಿಭಾಜ್ಯವನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಒಂದಕ್ಕಿಂತ ಹೆಚ್ಚು ದಾರಿ ಇರುವುದಿಲ್ಲ. ಇಲ್ಲಿ ಎರಡು ಸಿಕ್ಕವು. ಅಷ್ಟು ಸಾಕು. ಅಂದ ಹಾಗೆ, 20,449 ತಾನೇ 143ರ ವರ್ಗ. ಅದನ್ನು ಗಮನಿಸಿದಾಗ ನಾನು ಸ್ವಲ್ಪ ಹೊತ್ತು ಪೆನ್ಸಿಲ್ ಕೆಳಗಿಟ್ಟು ಸುಮ್ಮನೆ ಕೂತಿದ್ದೆ.

ಇದೇ ಬಳಗದ ಮುಂದಿನದು 20 ಅಂಕಿಗಳ ಸಂಖ್ಯೆ. ಅದಕ್ಕೂ ನಿಮ್ಮ ಹಾಗೆ ಚಿಕ್ಕ ಅವಿಭಾಜ್ಯಗಳಿಂದ ಶುರು ಮಾಡಬೇಡಿ. ಅದನ್ನು ಭಾಗಿಸುವ ಅತಿ ಚಿಕ್ಕ ಅವಿಭಾಜ್ಯವೇ 2,74,177. ಗಣಿತಜ್ಞ ಕ್ಲಾಸೆನ್ ಅದನ್ನು 1855ರಲ್ಲೇ ಕಂಡುಹಿಡಿದಿದ್ದರು; 1880ರಲ್ಲಿ ಲಾಂಡ್ರಿ ಎಂಬ ಇನ್ನೊಬ್ಬ ಗಣಿತಜ್ಞರೂ ಅದನ್ನು ಕಂಡುಹಿಡಿದರು.