ಇಂಡಕ್ಷನ್ ಒಲೆ ಮೇಲೆ ಅಲ್ಯೂಮಿನಿಯಂ ಕುಕ್ಕರ್ ಯಾಕೆ ಕಾಯುವುದಿಲ್ಲ?

ಒಲೆ ಕೆಟ್ಟಿಲ್ಲ, ರಿಪೇರಿಗೆ ಒಯ್ಯಬೇಡಿ. ಗಾಜಿನ ಕೆಳಗಿನ ತಾಮ್ರದ ಸುರುಳಿಯಲ್ಲಿ ಸೆಕೆಂಡಿಗೆ 20,000ಕ್ಕೂ ಹೆಚ್ಚು ಸಲ ದಿಕ್ಕು ಬದಲಿಸುವ ಕರೆಂಟ್ ಹರಿಯುತ್ತದೆ. ಅದರ ಕಾಂತಕ್ಷೇತ್ರ ಪಾತ್ರೆಯ ತಳದಲ್ಲೇ ಕರೆಂಟ್ ಹುಟ್ಟಿಸುತ್ತದೆ. 1831ರಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ಕಂಡುಕೊಂಡದ್ದು ಇದೇ ತತ್ವ. ಕಬ್ಬಿಣದಲ್ಲಿ ಆ ಕರೆಂಟ್ ತೆಳ್ಳನೆಯ ಪದರದಲ್ಲಷ್ಟೇ ಇಕ್ಕಟ್ಟಾಗಿ ಹರಿಯುವುದರಿಂದ ರೋಧ (ಕರೆಂಟ್ ಹರಿಯಲು ಎದುರಾಗುವ ಅಡ್ಡಿ) ಹೆಚ್ಚು, ಬಿಸಿಯೂ ಹೆಚ್ಚು. ಅಲ್ಯೂಮಿನಿಯಂನಲ್ಲಿ ರೋಧ ತೀರಾ ಕಡಿಮೆ, ಬಿಸಿಯೂ ಕಡಿಮೆ. ಹಾಗಾಗಿ ಒಲೆ ಪಾತ್ರೆಯೇ ಇಲ್ಲವೆಂದು ತಿಳಿದು ಬೀಪ್ ಮಾಡಿ ನಿಲ್ಲುತ್ತದೆ.

ಇಷ್ಟು ಗೊತ್ತಿದ್ದರೆ ಅಂಗಡಿಯಲ್ಲಿ ಮೋಸ ಹೋಗುವುದಿಲ್ಲ. ಚಿಕ್ಕ ಮ್ಯಾಗ್ನೆಟ್ ಒಯ್ದು ತಳಕ್ಕೆ ಹಿಡಿಯಿರಿ, ಗಟ್ಟಿಯಾಗಿ ಅಂಟಿದರೆ ಕೊಳ್ಳಿ. ಸ್ಟೀಲ್ ಎಂದ ಮಾತ್ರಕ್ಕೆ ನಂಬಬೇಡಿ, ಎಷ್ಟೋ ಸ್ಟೀಲ್ ಪಾತ್ರೆಗಳಿಗೆ ಅದು ಅಂಟುವುದೇ ಇಲ್ಲ. ತಳ ಚಪ್ಪಟೆಯಾಗಿರಲಿ, ಉಬ್ಬಿದ್ದರೆ ಸುರುಳಿಯಿಂದ ದೂರವಾಗಿ ಕಾವು ಸರಿಯಾಗಿ ಹತ್ತುವುದಿಲ್ಲ.