ಭಾನುವಾರದ ಖಂಡ, ಉಳಿದ ಆರು ದಿನದ ತಿಂಡಿ

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳ ಪೈಕಿ ಮಾಂಸಾಹಾರ ಹಾಗೂ ಬೆಳಗಿನ ತಿಂಡಿಯ ಕುರಿತ ನಾಲ್ಕು ಪ್ರಶ್ನೆಗಳಿಗೆ ನಮ್ಮ ಆಹಾರತಜ್ಞೆ ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ಮೇಡಂ, ನಮ್ಮ ಮನೆಯಲ್ಲಿ ಭಾನುವಾರ ಮಾತ್ರ ಕೋಳಿ ಅಥವಾ ಮಟನ್ ಮಾಡುತ್ತೇವೆ. ಸೋಮವಾರ, ಶನಿವಾರ ಮುಟ್ಟುವುದಿಲ್ಲ. ಶ್ರಾವಣದಲ್ಲಿ ತಿಂಗಳಿಡೀ ಇಲ್ಲ. ದಿನವೂ ಬೆಳಿಗ್ಗೆ ಉಪ್ಪಿಟ್ಟು, ಚಿತ್ರಾನ್ನ ಇಲ್ಲವೇ ಮಂಡಕ್ಕಿ ಒಗ್ಗರಣೆ. ವಾರಕ್ಕೊಮ್ಮೆ ಖಂಡ ತಿಂದರೆ ಸಾಕು ಎಂದು ಅತ್ತೆ ಹೇಳುತ್ತಾರೆ. ಜಿಮ್‌ಗೆ ಹೋಗುವ ಮಗ ದಿನವೂ ಚಿಕನ್ ಬೇಕೆಂದು ಹಟ ಹಿಡಿದಿದ್ದಾನೆ. ಯಾರ ಮಾತು ಸರಿ?
— ಗೃಹಿಣಿ, ನಿಟುವಳ್ಳಿ, ದಾವಣಗೆರೆ

ಉತ್ತರ: ಎಷ್ಟು ಸಲ ತಿನ್ನಬೇಕು ಎಂಬ ಮಟ್ಟಿಗೆ ನಿಮ್ಮ ಅತ್ತೆಯವರ ಮಾತು ಸರಿಯಾಗಿಯೇ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ, ದಿನಕ್ಕೆ 2,000 ಕ್ಯಾಲೊರಿಯ ಊಟಕ್ಕೆ ಬೇಳೆಕಾಳು, ಮೊಟ್ಟೆ, ಮಾಂಸ ಇವೆಲ್ಲವನ್ನೂ ಒಂದೇ ಗುಂಪಾಗಿ ಹಿಡಿದು 85 ಗ್ರಾಂ ಎಂದು ಹೇಳಲಾಗಿದೆ. ಈ ಪಾಲನ್ನು ಬೇಳೆಯಿಂದ ತುಂಬಿಕೊಂಡರೂ ಸರಿ, ಮೊಟ್ಟೆ ಮತ್ತು ಮಾಂಸದಿಂದ ತುಂಬಿಕೊಂಡರೂ ಸರಿ. ಆದ್ದರಿಂದ ದಿನವೂ ಖಂಡ ತಿನ್ನಲೇಬೇಕೆಂಬ ನಿಯಮವಿಲ್ಲ. ಆದರೆ ವಾರಕ್ಕೊಮ್ಮೆ ತಿಂದದ್ದು ವಾರಪೂರ್ತಿಗೆ ಸಾಕಾಗುತ್ತದೆ ಎಂಬ ನಂಬಿಕೆಯನ್ನು ಮಾತ್ರ ನಾನು ಒಪ್ಪುವುದಿಲ್ಲ.

ಮಾಂಸದಲ್ಲಿರುವ ಬಿ12 ಜೀವಸತ್ವವನ್ನು ದೇಹವು ಯಕೃತ್ತಿನಲ್ಲಿ ದೀರ್ಘಕಾಲ ಕೂಡಿಡುತ್ತದೆ. ಕಬ್ಬಿಣಾಂಶವನ್ನೂ ಒಂದಷ್ಟು ಸಂಗ್ರಹಿಸಿಟ್ಟುಕೊಳ್ಳುತ್ತದೆ. ಈ ಎರಡರ ಮಟ್ಟಿಗೆ ಭಾನುವಾರದ ಊಟವು ಶುಕ್ರವಾರಕ್ಕೂ ಒದಗಿಬರುತ್ತದೆ. ಪ್ರೋಟೀನಿನ ವಿಷಯ ಹಾಗಲ್ಲ. ಮುಂದೆ ಬೇಕಾದಾಗ ತೆಗೆದು ಬಳಸಲೆಂದು ಅದನ್ನು ಕೂಡಿಡುವ ಜಾಗ ದೇಹದಲ್ಲಿಲ್ಲ. ಬೇಕಾದದ್ದನ್ನು ಬಳಸಿಕೊಂಡ ಮೇಲೆ ಹೆಚ್ಚಾದದ್ದು ಶಕ್ತಿಯಾಗಿ ಉರಿಯುತ್ತದೆ ಅಥವಾ ಕೊಬ್ಬಾಗುತ್ತದೆ. ಭಾನುವಾರ ಮಧ್ಯಾಹ್ನ ಹೊಟ್ಟೆ ಬಿರಿಯುವಂತೆ ತಿಂದ ಖಂಡದಿಂದ ಬುಧವಾರ ಬೆಳಗಿನ ತಿಂಡಿಯ ಕೊರತೆ ತುಂಬುವುದಿಲ್ಲ.

ಈಗ ನಿಮ್ಮ ತಿಂಡಿಯನ್ನೇ ನೋಡೋಣ. ದೇಹದ ತೂಕದ ಪ್ರತಿ ಕೆ.ಜಿ.ಗೆ 0.83 ಗ್ರಾಂ ಪ್ರೋಟೀನು ದಿನಕ್ಕೆ ಬೇಕೆಂಬುದು ನಮ್ಮ ದೇಶದವರಿಗೆ ನಿಗದಿಯಾಗಿರುವ ಪ್ರಮಾಣ. ಅಂದರೆ 60 ಕೆ.ಜಿ. ತೂಗುವವರಿಗೆ ಸುಮಾರು 50 ಗ್ರಾಂ. ಮೂರು ಹೊತ್ತಿಗೆ ಹಂಚಿದರೆ ಬೆಳಿಗ್ಗೆ 15 ಗ್ರಾಂ ಆದರೂ ಸಿಗಬೇಕು. ಒಂದು ತಟ್ಟೆ ರವೆ ಉಪ್ಪಿಟ್ಟಿನಲ್ಲಿ ಸಿಗುವುದು ಆರೇಳು ಗ್ರಾಂ, ಚಿತ್ರಾನ್ನದಲ್ಲೂ ಹೆಚ್ಚುಕಡಿಮೆ ಅಷ್ಟೇ. ಮಂಡಕ್ಕಿ ನೋಡಲು ತಟ್ಟೆ ತುಂಬಿದರೂ ತೂಕಕ್ಕೆ ಹಗುರ. 50 ಗ್ರಾಂ ಮಂಡಕ್ಕಿಯಲ್ಲಿ ನಾಲ್ಕು ಗ್ರಾಂ ಸಿಕ್ಕರೆ ಹೆಚ್ಚು. ಅದು ಬೇಗ ಜೀರ್ಣವಾಗಿ ಬೇಗ ಹಸಿವಾಗುತ್ತದೆ. ಹತ್ತೂವರೆಗೆ ಮತ್ತೆ ಚಹಾ, ಬಿಸ್ಕೆಟ್ ಬೇಕೆನಿಸುತ್ತದೆ.

ಹಾಗೆಂದು ಮಂಡಕ್ಕಿ ಬಿಡಿ ಎಂದು ದಾವಣಗೆರೆಯವರಿಗೆ ನಾನು ಹೇಳಲಾರೆ, ಹೇಳುವ ಅಗತ್ಯವೂ ಇಲ್ಲ. ಒಗ್ಗರಣೆ ಮಾಡುವ ಕ್ರಮವನ್ನೇ ಗಮನಿಸಿ: ಮಂಡಕ್ಕಿಯನ್ನು ನೀರಿಗೆ ಹಾಕಿ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆಗೆ ಸುರಿದು ಕಲಸಿ, ಇಳಿಸುವ ಮುಂಚೆ ಪುಟಾಣಿ ಹಿಟ್ಟು ಉದುರಿಸುತ್ತೇವೆ. ಇಡೀ ಬಾಣಲೆಗೆ ಒಂದು ಚಮಚ ಉದುರಿಸುವ ಬದಲು, ತಟ್ಟೆಗೆ ಎರಡು ದೊಡ್ಡ ಚಮಚ, ಅಂದರೆ ಸುಮಾರು 20 ಗ್ರಾಂ ಪುಟಾಣಿ ಹಿಟ್ಟು ಬೀಳುವಂತೆ ನೋಡಿಕೊಳ್ಳಿ. ಒಬ್ಬೊಬ್ಬರಿಗೆ ಒಂದು ಹಿಡಿ ಹುರಿದ ಶೇಂಗಾ ಬೆರೆಸಿ. ಹಿಟ್ಟಿನಿಂದ ನಾಲ್ಕು ಗ್ರಾಂ, ಶೇಂಗಾದಿಂದ ಏಳು ಗ್ರಾಂ ಸೇರಿ ಅದೇ ತಟ್ಟೆ 15 ಗ್ರಾಂ ಮುಟ್ಟುತ್ತದೆ. ಉಪ್ಪಿಟ್ಟು ಮಾಡಿದ ದಿನ ಮಗ್ಗುಲಲ್ಲಿ ಒಂದು ಬೇಯಿಸಿದ ಮೊಟ್ಟೆ ಮತ್ತು ಒಂದು ಲೋಟ ಹಾಲು ಇರಲಿ. ಮೊಟ್ಟೆಯಲ್ಲಿ ಆರು ಗ್ರಾಂ, 200 ಮಿ.ಲೀ. ಹಾಲಿನಲ್ಲಿ ಆರು ಗ್ರಾಂ ಪ್ರೋಟೀನು ದೊರೆಯುತ್ತದೆ. ಮಿರ್ಚಿಯನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಿಕೊಳ್ಳಬೇಡಿ. ಅದರಲ್ಲಿ ಕಡಲೆಹಿಟ್ಟು ಇದೆಯೆಂಬುದು ನಿಜವಾದರೂ, ಅದು ಹೀರಿಕೊಳ್ಳುವ ಎಣ್ಣೆ ಹೆಚ್ಚು.

ನಿಮ್ಮ ಮಗನ ಹಟದಲ್ಲಿಯೂ ತಿರುಳಿದೆ. ಭಾರ ಎತ್ತುವ ಹುಡುಗರಿಗೆ ತೂಕದ ಪ್ರತಿ ಕೆ.ಜಿ.ಗೆ 1.2ರಿಂದ 1.6 ಗ್ರಾಂವರೆಗೆ ಪ್ರೋಟೀನು ಬೇಕಾಗಬಹುದು. ಅದಕ್ಕೆ ದಿನವೂ ಚಿಕನ್ ತರಬೇಕಾಗಿಲ್ಲ. ಎರಡು ಮೊಟ್ಟೆ, ಹಾಲು, ಮೊಸರು, ಎರಡು ಹೊತ್ತು ಗಟ್ಟಿ ಬೇಳೆ ಅಥವಾ ಕಾಳಿನ ಪಲ್ಯ, ಒಂದು ಹಿಡಿ ಶೇಂಗಾ, ಜೊತೆಗೆ ಬುಧವಾರ ಇನ್ನೊಮ್ಮೆ ಕೋಳಿ ಸಾರು ಮಾಡಿದರೆ ಅವನ ಅಗತ್ಯದ ಬಹುಪಾಲು ಮನೆಯಲ್ಲಿಯೇ ಪೂರೈಸುತ್ತದೆ. ಡಬ್ಬಿಯಲ್ಲಿ ಸಿಗುವ ಪುಡಿಗೆ ದುಡ್ಡು ಹಾಕುವ ಮೊದಲು ಇಷ್ಟನ್ನು ಮಾಡಿ ನೋಡಲಿ.

ಹೆಚ್ಚಾಯಿತೇ ಎಂಬ ಭಯ ನಿಮ್ಮಂಥ ಮನೆಗಳಿಗೆ ಬೇಡ. ಕುರಿ, ಮೇಕೆಯಂಥ ಕೆಂಪು ಮಾಂಸವನ್ನು ವಾರಕ್ಕೆ ಮೂರು ಸಲಕ್ಕಿಂತ ಹೆಚ್ಚು ತಿನ್ನಬಾರದು, ಬೇಯಿಸಿದ ತೂಕದಲ್ಲಿ 350ರಿಂದ 500 ಗ್ರಾಂ ದಾಟಬಾರದು ಎಂಬುದು ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯ ಸಲಹೆ. ಐದು ಜನರ ಮನೆಗೆ ಭಾನುವಾರ ಒಂದು ಕೆ.ಜಿ. ಮಟನ್ ತಂದರೆ, ಎಲುಬು ಕಳೆದು ಬೆಂದ ಮೇಲೆ ಒಬ್ಬೊಬ್ಬರ ಪಾಲಿಗೆ ಬರುವುದು ಇದಕ್ಕಿಂತ ಬಹಳ ಕಡಿಮೆ. ಯುಗಾದಿಯ ಮರುದಿನದ ಹೊಸತೊಡಕು, ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯ ಬಾಡೂಟ ಇವುಗಳಿಂದ ಆರೋಗ್ಯಕ್ಕೆ ಧಕ್ಕೆಯಾಗುತ್ತದೆಂದು ನಾನು ಯಾರನ್ನೂ ಹೆದರಿಸುವುದಿಲ್ಲ. ಎಚ್ಚರ ಬೇಕಾದದ್ದು ಸಾಸೇಜ್, ಸಲಾಮಿಯಂಥ ಸಂಸ್ಕರಿಸಿದ ಮಾಂಸದ ಬಗ್ಗೆ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಅದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಬಡಿಸುವಾಗ ಗಂಡಸರ ಮತ್ತು ಮಕ್ಕಳ ತಟ್ಟೆಗೆ ತುಂಡುಗಳು ಹೋಗಿ, ಕೊನೆಗೆ ಕೂರುವ ಹೆಣ್ಣುಮಕ್ಕಳ ಪಾಲಿಗೆ ಬರೀ ಸಾರು ಮತ್ತು ಎರಡು ಎಲುಬು ಉಳಿಯುವುದು ನಮ್ಮ ಎಷ್ಟೋ ಮನೆಗಳ ರೂಢಿ. ಸಾರಿನಲ್ಲಿ ರುಚಿ ಮತ್ತು ಖಾರ ಇಳಿದಿರುತ್ತವೆ. ಪ್ರೋಟೀನು, ಕಬ್ಬಿಣಾಂಶದ ಬಹುಭಾಗ ತುಂಡಿನಲ್ಲಿಯೇ ಉಳಿದಿರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆಯಿದೆ. ದಯವಿಟ್ಟು ನಿಮ್ಮ ಪಾಲಿನ ತುಂಡುಗಳನ್ನು ಮೊದಲೇ ಬೇರೆ ತೆಗೆದಿಡಿ, ಊಟವಾದ ಕೂಡಲೇ ಚಹಾ ಕುಡಿಯಬೇಡಿ. ಚಹಾದ ಒಗರು ಕಬ್ಬಿಣಾಂಶವನ್ನು ದೇಹಕ್ಕೆ ಸೇರಗೊಡುವುದಿಲ್ಲ, ಒಂದು ಗಂಟೆಯ ಅಂತರ ಇರಲಿ.

ಪ್ರಶ್ನೆ: ನಾನು ರೈತ, ವಯಸ್ಸು 58, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಬೆಳಿಗ್ಗೆ ಆರಕ್ಕೆ ಚಹಾ, ಬನ್ನು ತಿಂದು ಹೊಲಕ್ಕೆ ಹೋದರೆ ಬಂದು ಉಣ್ಣುವುದು ಹನ್ನೊಂದಕ್ಕೆ. ನಮ್ಮ ತಂದೆಯವರು ತಂಗಳ ಮುದ್ದೆ, ಮಜ್ಜಿಗೆ ಉಂಡು ಹೋಗುತ್ತಿದ್ದರು. ಮೊಮ್ಮಕ್ಕಳಿಗೆ ಬೆಣ್ಣೆ ದೋಸೆಯೇ ಬೇಕು. ರಾಗಿ ತಿಂದರೆ ಸಕ್ಕರೆ ಏರುವುದಿಲ್ಲವೆಂಬುದು ನಿಜವೇ?
— ಚಳ್ಳಕೆರೆ ತಾಲ್ಲೂಕು

ಉತ್ತರ: ಮೊದಲು ಮಾತ್ರೆಯ ವಿಷಯ ಹೇಳುತ್ತೇನೆ, ಏಕೆಂದರೆ ಅದು ಅಪಾಯದ ಸಂಗತಿ. ಗ್ಲಿಮೆಪಿರೈಡ್‌ನಂಥ ಕೆಲವು ಮಾತ್ರೆಗಳನ್ನು ನುಂಗಿ ಸರಿಯಾಗಿ ತಿನ್ನದೆ ದುಡಿದರೆ ಸಕ್ಕರೆಯ ಪ್ರಮಾಣ ಏಕಾಏಕಿ ಕುಸಿದು ಬೆವರು, ನಡುಕ, ಕಣ್ಣು ಕತ್ತಲೆ ಬರಬಹುದು. ನಿಮ್ಮ ಮಾತ್ರೆ ಆ ಬಗೆಯದೇ, ಅದನ್ನು ಎಷ್ಟು ಹೊತ್ತಿಗೆ ನುಂಗಬೇಕು ಎಂಬುದನ್ನು ನಿಮ್ಮ ವೈದ್ಯರಲ್ಲಿ ಕೇಳಿ ತಿಳಿದುಕೊಳ್ಳಿ. ಹೊಲಕ್ಕೆ ಹೋಗುವಾಗ ಜೇಬಿನಲ್ಲಿ ಒಂದಿಷ್ಟು ಸಕ್ಕರೆ ಅಥವಾ ಬೆಲ್ಲ ಇರಲಿ. ಇಂಥ ಲಕ್ಷಣ ಕಂಡರೆ ತಡಮಾಡದೆ ಬಾಯಿಗೆ ಹಾಕಿಕೊಳ್ಳಿ.

ರಾಗಿ ತಿಂದರೆ ಸಕ್ಕರೆ ಏರುವುದಿಲ್ಲವೆಂಬುದು ನಿಜವಲ್ಲ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಸುಣ್ಣಾಂಶವಿದೆ, ನಾರೂ ಇದೆ. ಬಿಳಿ ಅಕ್ಕಿ ಈ ಎರಡರಲ್ಲಿಯೂ ಅದರ ಹತ್ತಿರಕ್ಕೆ ಬರುವುದಿಲ್ಲ. ಆದರೂ ಅದರಲ್ಲಿ ಹೆಚ್ಚಿನ ಪಾಲು ಪಿಷ್ಟವೇ. ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆ ಅಥವಾ ತೆಳ್ಳನೆಯ ಅಂಬಲಿ ಸಕ್ಕರೆಯನ್ನು ಏರಿಸಿಯೇ ಏರಿಸುತ್ತದೆ. ಮುದ್ದೆಯ ಗಾತ್ರ ಚಿಕ್ಕದಿರಲಿ, ಜೊತೆಗೆ ಕಾಳಿನ ಸಾರು, ಸೊಪ್ಪು, ಮಜ್ಜಿಗೆ ಇರಲಿ. ನಿಮ್ಮ ತಂದೆಯವರ ಪದ್ಧತಿಯಲ್ಲಿ ನಾನು ಮೆಚ್ಚುವುದು ಅವರು ದುಡಿಯುವ ಮೊದಲು ಉಂಡು ಹೋಗುತ್ತಿದ್ದರೆಂಬುದನ್ನು. ನೀವೂ ಆರೂವರೆಗೆ ಬನ್ನಿನ ಬದಲು ಒಂದೆರಡು ಜೋಳದ ರೊಟ್ಟಿಗೆ ಶೇಂಗಾ ಚಟ್ನಿ, ಮೊಸರು ಹಚ್ಚಿಕೊಂಡು ತಿಂದು ಹೋಗಿ. ಶೇಂಗಾ ನಿಮ್ಮ ಚಳ್ಳಕೆರೆಯ ಮಣ್ಣಿನಲ್ಲಿಯೇ ಬೆಳೆಯುವಾಗ, ಅದನ್ನು ಪೂರ್ತಿ ಎಣ್ಣೆ ಗಿರಣಿಗೆ ಕಳುಹಿಸದೆ ಮನೆಗೂ ಒಂದು ಚೀಲ ಇಟ್ಟುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

ಬೆಣ್ಣೆ ದೋಸೆಯ ಮೇಲೆ ನನಗೆ ಸಿಟ್ಟಿಲ್ಲ. ಒಂದು ದೋಸೆಗೆ ಹತ್ತು ಗ್ರಾಂ ಬೆಣ್ಣೆ ಎಂದು ಹಿಡಿದರೂ 70 ಕ್ಯಾಲೊರಿ ಬೆಣ್ಣೆಯಿಂದಲೇ ಬರುತ್ತದೆ. ಮೂರು ದೋಸೆಯಾದರೆ ಒಂದು ದಿನಕ್ಕೆ ಹೇಳಿರುವ ಎಣ್ಣೆ-ಕೊಬ್ಬಿನ ಬಹುಪಾಲು ಬೆಳಿಗ್ಗೆಯೇ ಮುಗಿದಂತೆ. ವಾರಕ್ಕೊಮ್ಮೆ ಮೊಮ್ಮಕ್ಕಳನ್ನು ಕರೆದೊಯ್ದು ಕೊಡಿಸಿ.

ಪ್ರಶ್ನೆ: ನಾವು ಮೊಟ್ಟೆಯನ್ನೂ ಮುಟ್ಟದವರು. ಬಿ12 ಕೊರತೆಯಾಗುತ್ತದೆಂದು ಎಲ್ಲರೂ ಹೆದರಿಸುತ್ತಾರೆ. ಸೊಪ್ಪು, ಸಿರಿಧಾನ್ಯದಲ್ಲಿ ಅದು ಸಿಗುವುದಿಲ್ಲವೇ?
— ಹೊಳಲ್ಕೆರೆ

ಉತ್ತರ: ಸಿಗುವುದಿಲ್ಲ. ಸಸ್ಯಾಹಾರದ ಮನೆಗಳಲ್ಲಿ ಅದಕ್ಕೆ ಆಧಾರವೆಂದರೆ ಹಾಲು, ಮೊಸರು, ಮಜ್ಜಿಗೆ. ಚಹಾಕ್ಕೆ ಹಾಕುವ ನಾಲ್ಕು ಚಮಚ ಹಾಲು ಲೆಕ್ಕಕ್ಕೆ ಬರುವುದಿಲ್ಲ. ಕೈಕಾಲು ಜೋಮು ಹಿಡಿಯುವುದು, ನಾಲಿಗೆ ಉರಿ, ತೀರದ ಆಯಾಸ ಇದ್ದರೆ, ಅಥವಾ ಮನೆಯ ಹಿರಿಯರು ಸಕ್ಕರೆ ಕಾಯಿಲೆಗೆಂದು ವರ್ಷಗಟ್ಟಲೆ ಮೆಟ್ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ರಕ್ತಪರೀಕ್ಷೆ ಮಾಡಿಸಿ. ಕೊರತೆ ಕಂಡುಬಂದರೆ ವೈದ್ಯರು ಹೇಳಿದಷ್ಟು ದಿನ ಮಾತ್ರೆ ಅಥವಾ ಚುಚ್ಚುಮದ್ದು ತೆಗೆದುಕೊಳ್ಳಿ. ಇದರಿಂದ ನಿಮ್ಮ ಆಚಾರಕ್ಕೆ ಭಂಗವಿಲ್ಲ. ಈ ಔಷಧಿಯ ಬಿ12 ಸೂಕ್ಷ್ಮಾಣುಗಳಿಂದ ತಯಾರಾಗುವಂಥದ್ದು.

ಪ್ರಶ್ನೆ: ನಮ್ಮಲ್ಲಿ ಸೋಮವಾರದ ಕಟ್ಟುಪಾಡಿಲ್ಲ. ಭಾನುವಾರ ಉಳಿದ ಮಟನ್ ಸಾರನ್ನು ಮರುದಿನ ಬೆಳಿಗ್ಗೆ ದೋಸೆಗೆ ಹಾಕಿಕೊಂಡು ತಿನ್ನುತ್ತೇವೆ. ಇದು ತಪ್ಪೇ?
— ಹಿರಿಯೂರು

ಉತ್ತರ: ತಪ್ಪೇನಿಲ್ಲ, ಬರೀ ಚಟ್ನಿಯ ಜೊತೆ ತಿನ್ನುವುದಕ್ಕಿಂತ ಒಳ್ಳೆಯ ತಿಂಡಿಯೇ ಅದು. ಆದರೆ ಮಧ್ಯಾಹ್ನ ಮಾಡಿದ ಸಾರನ್ನು ಒಲೆಯ ಮೇಲೆಯೇ ರಾತ್ರಿಯವರೆಗೆ ಬಿಡಬಾರದು, ಅದರಲ್ಲಿಯೂ ಹಿರಿಯೂರಿನ ಬೇಸಿಗೆಯಲ್ಲಿ. ಉಳಿಯುತ್ತದೆ ಎನಿಸಿದ ಪಾಲನ್ನು ಊಟಕ್ಕೆ ಕೂರುವ ಮೊದಲೇ ಅಗಲ ಬಾಯಿಯ ಪಾತ್ರೆಗೆ ತೆಗೆದು ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಬೇಕಾದಷ್ಟನ್ನೇ ತೆಗೆದು, ಬೆಚ್ಚಗೆ ಮಾಡಿ ಬಿಡದೆ, ಕುದಿ ಬರುವವರೆಗೆ ಕಾಯಿಸಿ. ಒಮ್ಮೆ ಕಾಯಿಸಿದ್ದನ್ನು ಮತ್ತೆ ಒಳಗಿಡಬೇಡಿ. ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ ಅಥವಾ ರಾತ್ರಿಯಿಡೀ ಕರೆಂಟ್ ಹೋಗಿದ್ದರೆ ಆ ಸಾರನ್ನು ಚೆಲ್ಲಿಬಿಡುವುದೇ ಸರಿ, ಏಕೆಂದರೆ ಕೆಟ್ಟ ಮಾಂಸದಲ್ಲಿ ಬೆಳೆದ ಕೆಲವು ವಿಷಗಳು ಕುದಿಸಿದರೂ ಹೋಗುವುದಿಲ್ಲ. ಅಂಥವರು ಭಾನುವಾರ ಒಂದು ಕೆ.ಜಿ.ಯ ಬದಲು ಮುಕ್ಕಾಲು ಕೆ.ಜಿ. ತಂದು, ಉಳಿದ ದುಡ್ಡಿಗೆ ವಾರದ ಬೆಳಗಿನ ತಿಂಡಿಗಾಗಿ ಮೊಟ್ಟೆ ತಂದಿಟ್ಟುಕೊಳ್ಳಲಿ.