ಪಾರಿಜಾತದ ಕ್ಯಾಸೆಟ್‌ಗೆ 44.1 ಸಾಕಾ, 96 ಬೇಕಾ?

ಜಮಖಂಡಿ ಕಡೆ ರೆಕಾರ್ಡ್ ಮಾಡಿದ ಶ್ರೀಕೃಷ್ಣ ಪಾರಿಜಾತದ ಹಳೇ ಕ್ಯಾಸೆಟ್‌ಗಳನ್ನು ಕಂಪ್ಯೂಟರ್‌ಗೆ ಹಾಕುವಾಗ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆಯಬೇಕು ಅನ್ನೋದು) 44.1 ಕಿಲೋಹರ್ಟ್ಸ್ ಬದಲು 96 ಇಟ್ಟರೆ ದನಿ ಇನ್ನೂ ಚೆನ್ನಾಗಿ ಬರುತ್ತದಾ ಅಂತ ಕೇಳಿದ್ದೀರಿ. 44.1 ಸಾಕು. ಸೆಕೆಂಡಿಗೆ 44,100 ಸಲ ಅಳೆದರೆ 22,050 ಹರ್ಟ್ಸ್‌ಗಿಂತ ಕೆಳಗಿನ ದನಿಯೆಲ್ಲ ಸಿಗುತ್ತದೆ, ನಮ್ಮ ಕಿವಿಗೆ ಕೇಳೋದೇ ಹೆಚ್ಚೆಂದರೆ 20,000ದವರೆಗೆ ಅಲ್ವಾ, ಸಾಮಾನ್ಯ ಕ್ಯಾಸೆಟ್‌ನಲ್ಲಿ ಅಷ್ಟೂ ಇರುವುದಿಲ್ಲ. 96 ಇಟ್ಟರೆ ಫೈಲ್ ಸುಮ್ನೆ ಎರಡು ಪಟ್ಟಿಗಿಂತ ಜಾಸ್ತಿ ಆಗುತ್ತದೆ.

ಆದರೆ ಜಾಗ ಉಳಿಸೋಕೆ ಅಂತ 8 ಕಿಲೋಹರ್ಟ್ಸ್‌ಗೆ ಮಾತ್ರ ಇಳಿಸಬೇಡಿ. 4,000 ಹರ್ಟ್ಸ್ ಮೇಲಿನದೆಲ್ಲ ಹೋಗುತ್ತದೆ. ತಾಳದ ಝಣಝಣ ಸಾಯುತ್ತದೆ, ಹಾಡಿನಲ್ಲಿ ‘ಸ’, ‘ಶ’ ಮಸುಕಾಗುತ್ತವೆ. 4,000ದ ಮೇಲಿನದನ್ನು ಮೊದಲೇ ತೆಗೆಯುವ ಫಿಲ್ಟರ್ ಇಲ್ಲದೆ ಇಳಿಸಿದರಂತೂ 5,000 ಹರ್ಟ್ಸ್‌ನ ದನಿ 3,000 ಆಗಿ ಮಡಚಿಕೊಂಡು ಬಂದು ಹಾಡಿನೊಳಗೇ ಸೇರಿಬಿಡುತ್ತದೆ, ಆಮೇಲೆ ಅದನ್ನು ಬೇರ್ಪಡಿಸೋಕೆ ಆಗುವುದಿಲ್ಲ.

ನಿಜವಾದ ಎಚ್ಚರ ಬೇಕಿರೋದು ಲೆವೆಲ್, ಅಂದರೆ ದನಿಯನ್ನು ಎಷ್ಟು ಜೋರಾಗಿ ರೆಕಾರ್ಡ್ ಮಾಡ್ತೀರಿ ಅನ್ನೋ ವಿಷಯದಲ್ಲಿ. ಪಾರಿಜಾತದಲ್ಲಿ ಮೆಲ್ಲಗೆ ಮಾತು ನಡೀತಿರುವಾಗಲೇ ಹಿಮ್ಮೇಳ ಜೋರಾಗಿ ಏರುತ್ತದೆ. ಮೀಟರ್ ಕೆಂಪು ಮುಟ್ಟಿದರೆ ಅಲೆಯ ತುದಿ ಕತ್ತರಿಸಿಹೋಗುತ್ತದೆ. 24 ಬಿಟ್‌ನಲ್ಲಿ (ಪ್ರತಿ ಅಳತೆಯನ್ನು ಎಷ್ಟು ಸೂಕ್ಷ್ಮವಾಗಿ ಬರೆಯಬೇಕು ಅನ್ನೋದರ ಲೆಕ್ಕ ಇದು), ಲೆವೆಲ್ ಸ್ವಲ್ಪ ಕಮ್ಮಿ ಇಟ್ಟು, ವೇವ್ ಫೈಲ್ ಆಗಿ ಉಳಿಸಿ. ಅದಕ್ಕೂ ಮೊದಲು ಪ್ಲೇಯರ್‌ನ ಹೆಡ್ (ಟೇಪ್ ತಾಗುವ ಭಾಗ) ಒರೆಸಿಕೊಳ್ಳಿ.